ಗ್ರಾಮಸಭೆಯ ಖಾಲಿ ಕುರ್ಚಿಗಳು

ಹೊನ್ನಾವರದಿಂದ ಕುಮಟಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ನಡುವೆ ಸಿಗುವ ನಮ್ಮ ಹಳದೀಪುರ ಪಟ್ಟಣವಲ್ಲ. ಇಲ್ಲಿ ನಗರಸಭೆಯೂ ಇಲ್ಲ, ಪುರಸಭೆಯೂ ಇಲ್ಲ. ಇರುವುದು ಗ್ರಾಮ ಪಂಚಾಯತ್. ಪಟ್ಟಣಗಳಲ್ಲಿ ನೆಲೆಸಿರುವ ಬಂಧುಗಳು ಮದುವೆ ಮುಂಜಿಗಳಲ್ಲಿ ಸಿಕ್ಕಾಗ, "ನಿಮ್ಮ ಹಳ್ಳಿಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ?" ಎಂದು ತುಸು ಕನಿಕರದಿಂದಲೇ ಕೇಳುವುದುಂಟು. ಆದರೆ ಕಾನೂನಿನ ಪುಸ್ತಕವನ್ನು ತೆರೆದು ನೋಡಿದರೆ ಸಂಗತಿ ತಿರುಗುಮುರುಗಾಗಿದೆ. ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ಪಟ್ಟಣದ ನಿವಾಸಿಗಿಂತ ಹಳದೀಪುರದ ಕೂಲಿಕಾರನಿಗೆ ಹೆಚ್ಚಾಗಿದೆ.

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಈ ಸಭೆಯ ಸದಸ್ಯರು. ಚುನಾವಣೆಗೆ ನಿಂತು ಗೆಲ್ಲಬೇಕಾಗಿಲ್ಲ, ಯಾರ ಶಿಫಾರಸೂ ಬೇಕಾಗಿಲ್ಲ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಂದ ಪಂಚಾಯತ್ ರಾಜ್ ಅಧಿನಿಯಮವು ಮುಂದೆ ಗ್ರಾಮ ಸ್ವರಾಜ್ ಎಂಬ ಹೆಸರನ್ನೂ ಸೇರಿಸಿಕೊಂಡಿತು. ಅದರ ಪ್ರಕಾರ ಮೊದಲು ವಾರ್ಡ್ ಸಭೆ, ಅನಂತರ ಗ್ರಾಮಸಭೆ; ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಯಾವ ರಸ್ತೆ ಮೊದಲು, ಯಾವ ಬಾವಿ ಮೊದಲು, ವಸತಿ ಯೋಜನೆಯ ಮನೆ ಯಾರಿಗೆ ಎಂಬ ಆದ್ಯತೆ ಅಲ್ಲಿಂದ ಮೇಲಕ್ಕೆ ಹೋಗಬೇಕು. ಪಟ್ಟಣಗಳಿಗೆ 74ನೇ ತಿದ್ದುಪಡಿ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ. ಉತ್ತರ ಕನ್ನಡ ಜಿಲ್ಲೆಯ ಯಾವ ಪಟ್ಟಣವೂ ಆ ಅಂಕಿಯ ಹತ್ತಿರಕ್ಕೂ ಬಂದಿಲ್ಲ. ಹೀಗಾಗಿ ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳ ನಿವಾಸಿ ತನ್ನ ಊರಿನ ಆಡಳಿತ ಸಭೆಗೆ ಹೋದರೆ ಕೇಳುಗನಾಗಿ ಕುಳಿತುಕೊಳ್ಳಬಹುದು. ಮಾತನಾಡುವವರು ಆಯ್ಕೆಯಾದ ಸದಸ್ಯರು. ಭಟ್ಕಳದ ಪಕ್ಕದ ಜಾಲಿ ಗ್ರಾಮ ಪಂಚಾಯತ್ ಇದ್ದದ್ದು ಪಟ್ಟಣ ಪಂಚಾಯತ್ ಆಯಿತು. ಮೇಲ್ದರ್ಜೆಗೇರಿತು ಎಂದು ನಾವೆಲ್ಲ ಸಂತೋಷಪಟ್ಟೆವು. ಗ್ರಾಮಸಭೆ ಎಂಬ ಜಗಲಿ ಅದರೊಂದಿಗೆ ಇಲ್ಲವಾಯಿತು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ.

ಈ ಜಗಲಿಯನ್ನು ಕಟ್ಟಿದವರಲ್ಲಿ ಒಬ್ಬರನ್ನು ನಮ್ಮ ಮಕ್ಕಳಿಗೆ ಪರಿಚಯಿಸುವುದು ಅಗತ್ಯವೆಂದು ತೋರುತ್ತದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಅವರು ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲೂಕಿನವರು. ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆಯನ್ನು ವಹಿಸಿಕೊಂಡವರು ಅಬ್ದುಲ್ ನಝೀರ್ ಸಾಬ್. ಬರಗಾಲದ ಹಳ್ಳಿಗಳಲ್ಲಿ ಅವರು ತೋಡಿಸಿದ ಕೊಳವೆಬಾವಿಗಳಿಂದಾಗಿ ಜನರು ಅವರನ್ನು 'ನೀರ್ ಸಾಬ್' ಎಂದು ಕರೆದರು. ಈ ಹೆಸರು ಇಂದಿಗೂ ಹಿರಿಯರ ಬಾಯಲ್ಲಿದೆ. ಆದರೆ ನೀರಿಗಿಂತ ದೊಡ್ಡ ಕೆಲಸವೊಂದನ್ನು ಅವರು ಮಾಡಿದ್ದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆಯನ್ನು 1983ರಲ್ಲಿ ತಂದು, ಅದು ರಾಷ್ಟ್ರಪತಿಯವರ ಅಂಕಿತ ಪಡೆದು ಬರುವವರೆಗೆ ಎರಡು ವರ್ಷ ಬೆನ್ನು ಹತ್ತಿದರು. 1987ರಲ್ಲಿ ಚುನಾವಣೆ ನಡೆದಾಗ ಸ್ಥಾನಗಳ ಶೇಕಡಾ 25ರಷ್ಟು ಮಹಿಳೆಯರಿಗೆ ಮೀಸಲಾಗಿತ್ತು. ದೇಶದ ಸಂವಿಧಾನ ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿಯನ್ನು ತರುವುದಕ್ಕಿಂತ ಹಲವು ವರ್ಷ ಮೊದಲಿನ ಮಾತಿದು. ಆ ಕಾಯ್ದೆಯಲ್ಲಿಯೇ ಗ್ರಾಮಸಭೆಯೂ ಇತ್ತು. ಮರುವರ್ಷ, 1988ರ ಅಕ್ಟೋಬರ್‌ನಲ್ಲಿ ನಝೀರ್ ಸಾಬ್ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಪಂಚಾಯತ್ ಸದಸ್ಯರಿಗೆ ತರಬೇತಿ ಅಲ್ಲಿಂದಲೇ ನಡೆಯುತ್ತದೆ. ಒಬ್ಬ ಮುಸ್ಲಿಮ್ ಸಚಿವ ಮುಸ್ಲಿಮರಿಗಾಗಿ ಏನು ಮಾಡಿದ ಎಂದು ಲೆಕ್ಕ ಕೇಳುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅವರು ನಾಡಿನ ಎಲ್ಲ ಹಳ್ಳಿಗಳಿಗಾಗಿ ಒಂದು ಜಾಗ ಮಾಡಿಟ್ಟರು, ಅದರಲ್ಲಿ ನಮಗೂ ಒಂದು ಕುರ್ಚಿಯಿದೆ.

ಆ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದೇ ಪ್ರಶ್ನೆ.

ಗ್ರಾಮಸಭೆಗೆ ಕೋರಂ ಎಂಬುದಿದೆ. ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಸಾವಿರಾರು ಮತದಾರರಿರುವ ಊರಿನಲ್ಲಿ ನೂರು ಜನ ಸೇರಿದರೆ ಸಭೆ ಸಕ್ರಮ. ಅಂದರೆ ನೂರು ಜನರ ಮಾತು ಉಳಿದೆಲ್ಲರ ಮಾತಾಗಿ ದಾಖಲಾಗುತ್ತದೆ. ಬರದವರನ್ನು ಕಾನೂನು ಹುಡುಕಿಕೊಂಡು ಹೋಗುವುದಿಲ್ಲ. ನಾವು ಕಳೆದ ಹಲವು ವರ್ಷಗಳಲ್ಲಿ ಈ ಸುತ್ತಿನ ಅನೇಕ ಸಭೆಗಳಲ್ಲಿ ಕುಳಿತವರು. ಶಾಲೆಯ ಸಭಾಂಗಣ, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು, ಕೂಗಿ ಕೂಗಿ ನಿಲ್ಲುವ ಮೈಕು. ವೇದಿಕೆಯ ಮೇಲೆ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಮೇಲಿನಿಂದ ನೇಮಕವಾಗಿ ಬಂದ ನೋಡಲ್ ಅಧಿಕಾರಿ. ಕೃಷಿ, ಆರೋಗ್ಯ, ವಿದ್ಯುತ್ ಇಲಾಖೆಯವರು ತಮ್ಮ ತಮ್ಮ ಯೋಜನೆಗಳನ್ನು ಓದುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಆ ಅರ್ಧ ಹೊತ್ತನ್ನು ತಾಳಲಾರದೆ ಜನ ಎದ್ದು ಹೋಗುತ್ತಾರೆ. ಉಳಿದವರು ಉಳಿದ ಅರ್ಧದಲ್ಲಿ ಊರಿನ ಮುಂದಿನ ವರ್ಷವನ್ನು ಬರೆಯಿಸುತ್ತಾರೆ.

ನಮ್ಮವರು ಮಾತನಾಡುವುದಿಲ್ಲ ಎಂದು ಇದರರ್ಥವಲ್ಲ. ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ, ಚಹಾದಂಗಡಿಯ ಬೆಂಚಿನಲ್ಲಿ, ಈಗೀಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಊರಿನ ಚರಂಡಿಯ ಕುರಿತು ನಡೆಯುವಷ್ಟು ಆಳವಾದ ಚರ್ಚೆ ವಿಧಾನಸಭೆಯಲ್ಲಿಯೂ ನಡೆಯಲಿಕ್ಕಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಆದರೆ ಮಸೀದಿಯ ಜಗಲಿಗೆ ನಡಾವಳಿ ಪುಸ್ತಕವಿಲ್ಲ. ಅಲ್ಲಿ ಆಡಿದ ಮಾತು ಅಲ್ಲಿಯೇ ಮುಗಿಯುತ್ತದೆ. ಹೆಚ್ಚೆಂದರೆ ಜಮಾಅತಿನ ಹೆಸರಿನಲ್ಲಿ ಒಂದು ಮನವಿ ಪತ್ರವಾಗುತ್ತದೆ. ಮನವಿ ಪತ್ರ ಕೊಡುವವನು ಬೇಡುವವನಾಗುತ್ತಾನೆ, ಪಡೆಯುವವನು ಕೊಡುವವನಾಗುತ್ತಾನೆ. ಸಭೆಯ ಸದಸ್ಯನಾಗಿ ಬರೆಯಿಸಿದ ಠರಾವು ಹಾಗಲ್ಲ, ಅದಕ್ಕೆ ಮುಂದಿನ ಸಭೆಯಲ್ಲಿ ಲೆಕ್ಕ ಕೊಡಬೇಕಾಗುತ್ತದೆ.

ನಮ್ಮ ತಾಲೂಕಿನದೇ ಒಂದು ಊರಿನ ಕಥೆಯಿದು. ಖಬರಸ್ಥಾನಕ್ಕೆ ಹೋಗುವ ಓಣಿಯಲ್ಲಿ ಮಳೆಗಾಲದಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುತ್ತಿತ್ತು. ಜನಾಝವನ್ನು ಹೆಗಲ ಮೇಲೆ ಹೊತ್ತವರು ಕೆಸರಿನಲ್ಲಿ ಕಾಲು ಜಾರದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಸಾಗಿದ ದಿನಗಳಿವೆ. ಮನವಿ ಪತ್ರಗಳು ಎರಡು ಮೂರು ಹೋಗಿದ್ದವು. ಪ್ರತಿಯೊಂದಕ್ಕೂ ಬಂದ ಉತ್ತರ ಒಂದೇ: ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿಯಿಲ್ಲ. ಉತ್ತರ ಸುಳ್ಳಾಗಿರಲಿಲ್ಲ. ವಾರ್ಡ್ ಸಭೆಯಲ್ಲಿ ಅದನ್ನು ಯಾರೂ ಬರೆಯಿಸಿರಲಿಲ್ಲ.

ಆ ವರ್ಷದ ಗ್ರಾಮಸಭೆಗೆ ನಾವೂ ಹೋಗಿದ್ದೆವು. ಓಣಿಯ ವಿಷಯವನ್ನು ಎತ್ತಿದವರು ನಮ್ಮ ಸಮುದಾಯದವರಾಗಿರಲಿಲ್ಲ. ಅದೇ ಓಣಿಯ ಕೊನೆಯಲ್ಲಿ ಮನೆಯಿರುವ, ಬೆಳಗಿನ ಜಾವ ಮೀನಿನ ಬುಟ್ಟಿ ಹೊತ್ತು ಹೊರಡುವ ಒಬ್ಬ ತಾಯಿ. ಮೈಕು ಹಿಡಿಯಲು ಒಪ್ಪದೆ ಕುಳಿತಲ್ಲಿಂದಲೇ ಗಟ್ಟಿಯಾಗಿ ಹೇಳಿದರು: ತಮ್ಮ ಬುಟ್ಟಿಯೂ ಆ ದಾರಿಯಲ್ಲಿಯೇ ಬರಬೇಕು, ಸಾಬರ ಹೆಣವೂ ಆ ದಾರಿಯಲ್ಲಿಯೇ ಹೋಗಬೇಕು, ಇಬ್ಬರಿಗೂ ದಾರಿಯಿಲ್ಲ. ಸಭೆಯಲ್ಲಿ ನಗು ಹರಡಿತು. ಅಧಿಕಾರಿ "ಆಯ್ತು, ನೋಡೋಣ" ಎಂದರು. ಆಕೆ ಕುಳಿತುಕೊಳ್ಳಲಿಲ್ಲ. "ಸಾಹೇಬ್ರೇ, ನೋಡೋದು ಬೇಡ. ಬರ್ಕಂಡ್ರಾ? ಬರ್ದದ್ದು ಓದಿ ಹೇಳಿ" ಎಂದರು. ಅಧಿಕಾರಿ ಬರೆದರು, ಓದಿದರು. ಓಣಿಯ ಹೆಸರು ತಪ್ಪಾಗಿತ್ತು, ಆಕೆಯೇ ತಿದ್ದಿಸಿದರು. ಆ ಹೊತ್ತಿಗೆ ಸಭಾಂಗಣದಲ್ಲಿ ನಮ್ಮ ಜಮಾಅತಿನವರು ನಾಲ್ಕೈದು ಮಂದಿ ಮಾತ್ರ ಇದ್ದರು. ಹೊರಗೆ ಬಂದು ಹಿರಿಯ ಚಾಚಾ ಒಬ್ಬರು ಆಕೆಗೆ "ಅಕ್ಕಾ, ನಿಮ್ಮಿಂದ ಉಪಕಾರವಾಯ್ತು" ಎಂದಾಗ ಆಕೆ, "ನಿಮ್ ಹೆಂಗಸ್ರು ಯಾಕ್ ಬರೂದಿಲ್ಲ?" ಎಂದು ಕೇಳಿ ತಮ್ಮ ಪಾಡಿಗೆ ಹೊರಟರು. ಆ ಪ್ರಶ್ನೆಗೆ ಚಾಚಾ ಉತ್ತರಿಸಲಿಲ್ಲ. ಓಣಿಯ ಒಂದು ಭಾಗಕ್ಕೆ ಮುಂದಿನ ವರ್ಷ ಕಾಂಕ್ರೀಟು ಬಿತ್ತು. ಉಳಿದ ಭಾಗ ಇನ್ನೂ ಬಾಕಿಯಿದೆ.

ಹೆಂಗಸರ ಮಾತು ಬಂದದ್ದರಿಂದ ಅದನ್ನೇ ಮೊದಲು ನೋಡೋಣ. ಕಾನೂನಿನ ಪ್ರಕಾರ ಸಭೆಗೆ ಬಂದವರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು. ನಮ್ಮ ಕರಾವಳಿಯಲ್ಲಿ ಈ ನಿಯಮಕ್ಕೆ ಬೇರೆಯೇ ಒಂದು ತೂಕವಿದೆ. ಭಟ್ಕಳದಿಂದ ಕುಮಟಾದವರೆಗೆ ಎಷ್ಟೋ ಮನೆಗಳ ಗಂಡಸರು ದುಬೈ, ಸೌದಿ, ಕುವೈತ್, ಮಸ್ಕತ್‌ಗಳಲ್ಲಿದ್ದಾರೆ. ವಾರದ ದಿನ ಹನ್ನೊಂದು ಗಂಟೆಗೆ ಸೇರುವ ವಾರ್ಡ್ ಸಭೆಯ ಹೊತ್ತಿಗೆ ಮನೆಯಲ್ಲಿರುವ ಮತದಾರರೆಂದರೆ ತಾಯಿ, ಹೆಂಡತಿ, ಅತ್ತೆ. ಅವರು ಹೋಗದಿದ್ದರೆ ಆ ಮನೆ ಹೋಗಲಿಲ್ಲ ಎಂದೇ ಅರ್ಥ. ಗಂಡ ಊರಿಗೆ ಬಂದಾಗ ಹೋಗಲಿ ಎಂದು ಕಾಯುತ್ತಾ ಕುಳಿತರೆ ಬಾವಿಯ ಉಪ್ಪು ನೀರು ಎರಡು ವರ್ಷಕ್ಕೊಮ್ಮೆ ಬರುವ ಒಂದೂವರೆ ತಿಂಗಳ ರಜೆಗಾಗಿ ಕಾಯಬೇಕಾಗುತ್ತದೆ. ಇದಲ್ಲದೆ, ಬಾವಿಯ ನೀರು ಯಾವ ತಿಂಗಳಿನಲ್ಲಿ ಉಪ್ಪಾಗುತ್ತದೆ, ಅಂಗನವಾಡಿಯ ಛಾವಣಿ ಎಲ್ಲಿ ಸೋರುತ್ತದೆ, ಯಾವ ತಿರುವಿನಲ್ಲಿ ಬೀದಿದೀಪವಿಲ್ಲ ಎಂಬುದನ್ನು ತಿಳಿದವರು ಅವರೇ.

ಹೆಂಗಸರು ಇಂಥ ಕಡೆ ಹೋಗುವುದು ಸರಿಯೇ ಎಂದು ಕೇಳುವವರಿದ್ದಾರೆ. ಹಿಜರಿ 6ರ ಹುದೈಬಿಯಾ ಸಂಧಿಯ ಸಂದರ್ಭವನ್ನು ಅವರು ನೆನಪಿಸಿಕೊಳ್ಳಲಿ. ಉಮ್ರಾಕ್ಕೆಂದು ಹೊರಟು ಮಕ್ಕಾ ಪ್ರವೇಶಿಸಲಾಗದೆ ಸಹಾಬಿಗಳು ದುಃಖದಿಂದ ಕುಳಿತುಬಿಟ್ಟಿದ್ದರು. ಬಲಿಯರ್ಪಿಸಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿ(ಸ) ಹೇಳಿದರೂ ಯಾರೂ ಏಳಲಿಲ್ಲ. ಡೇರೆಯೊಳಗೆ ಬಂದ ಪ್ರವಾದಿಯವರಿಗೆ(ಸ) ಹಝ್ರತ್ ಉಮ್ಮು ಸಲಮಾ(ರ) ಒಂದು ಸಲಹೆ ನೀಡಿದರು: ಯಾರೊಡನೆಯೂ ಮಾತನಾಡದೆ ಹೊರಗೆ ಹೋಗಿ ತಾವೇ ಮೊದಲು ಬಲಿಯರ್ಪಿಸಿ ತಲೆ ಬೋಳಿಸಿಕೊಳ್ಳಿರಿ. ಅವರು ಹಾಗೆಯೇ ಮಾಡಿದರು, ಜನರೆಲ್ಲ ಎದ್ದರು. ಇಡೀ ಸಮುದಾಯ ಒಂದು ಬಿಕ್ಕಟ್ಟಿನಿಂದ ಹೊರಬಂದದ್ದು ಒಬ್ಬ ಮಹಿಳೆಯ ಸಲಹೆಯಿಂದ. ಅದು ಸಾರ್ವಜನಿಕ ವಿಷಯವೇ ಆಗಿತ್ತು, ಅಡುಗೆಮನೆಯ ವಿಷಯವಾಗಿರಲಿಲ್ಲ.

ಇನ್ನೊಂದು ಮಾತು ನಾವು ಬಹಳ ಸಲ ಕೇಳಿದ್ದೇವೆ. "ಹಿಂದೊಮ್ಮೆ ಹೋಗಿದ್ದೆವು, ಏನೂ ಆಗಲಿಲ್ಲ." ಈ ಮಾತಿನಲ್ಲಿ ಸತ್ಯವಿದೆ. ಬರೆದ ಠರಾವು ವರ್ಷಗಟ್ಟಲೆ ಕಡತದಲ್ಲಿ ಉಳಿಯುತ್ತದೆ; ಪಟ್ಟಿಯ ಹೆಸರುಗಳು ಸಭೆಗೆ ಬರುವ ಮೊದಲೇ ಸಿದ್ಧವಾಗಿರುವುದೂ ಉಂಟು. ಆದರೂ ಈ ಮಾತಿಗೆ ಉತ್ತರ ಉಹುದ್‌ನ ಇತಿಹಾಸದಲ್ಲಿದೆ ಎಂದು ನಮಗೆ ಅನಿಸುತ್ತದೆ. ಶತ್ರುಸೈನ್ಯ ಮದೀನಾದತ್ತ ಬರುತ್ತಿದ್ದಾಗ ಪ್ರವಾದಿ(ಸ) ಸಂಗಾತಿಗಳನ್ನು ಸೇರಿಸಿ ಸಮಾಲೋಚಿಸಿದರು. ನಗರದೊಳಗೇ ಉಳಿದು ಎದುರಿಸುವುದು ಅವರ ಸ್ವಂತ ಒಲವಾಗಿತ್ತು. ಹೊರಗೆ ಹೋಗಿ ಹೋರಾಡಬೇಕೆಂದು ಯುವಕರು ಒತ್ತಾಯಿಸಿದರು. ಪ್ರವಾದಿ(ಸ) ಆ ಅಭಿಪ್ರಾಯಕ್ಕೆ ಮಣಿದು ಹೊರಟರು. ಮುಂದೆ ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಎಪ್ಪತ್ತರಷ್ಟು ಮಂದಿ ಹುತಾತ್ಮರಾದರು, ಸ್ವತಃ ಪ್ರವಾದಿಯವರೂ(ಸ) ಗಾಯಗೊಂಡರು. ಸಮಾಲೋಚನೆಯ ಫಲ ಇದಾದರೆ ಇನ್ನು ಮುಂದೆ ಯಾರನ್ನೂ ಕೇಳುವುದು ಬೇಡ ಎಂದು ತೀರ್ಮಾನಿಸಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಆ ಯುದ್ಧದ ಬಳಿಕ ಅವತೀರ್ಣವಾದ ಆಲಿ ಇಮ್ರಾನ್ ಅಧ್ಯಾಯದ 159ನೇ ಸೂಕ್ತದಲ್ಲಿ ಅಲ್ಲಾಹನ ಆದೇಶ ಬೇರೆಯೇ ಆಗಿದೆ: ಅವರನ್ನು ಕ್ಷಮಿಸಬೇಕು, ವ್ಯವಹಾರಗಳಲ್ಲಿ ಅವರೊಡನೆ ಸಮಾಲೋಚಿಸಬೇಕು. ಸೋಲಿನ ಗಾಯ ಆರುವ ಮೊದಲೇ ಸಮಾಲೋಚನೆ ಮುಂದುವರಿಯಲಿ ಎಂಬ ಆಜ್ಞೆ ಬಂದಿತು. ದೇವವಾಣಿಯನ್ನು ಪಡೆಯುತ್ತಿದ್ದವರಿಗೇ ಈ ಆದೇಶವಾದರೆ ಉಳಿದವರು ಇದರಿಂದ ಹೇಗೆ ಹೊರತಾಗುತ್ತಾರೆ? ಕುರ್‌ಆನ್‌ನ 42ನೇ ಅಧ್ಯಾಯದ ಹೆಸರೇ 'ಅಶ್ಶೂರಾ', ಅಂದರೆ ಸಮಾಲೋಚನೆ. ಅದರ 38ನೇ ಸೂಕ್ತವು ಸಮಾಲೋಚನೆಯಿಂದ ವ್ಯವಹರಿಸುವವರನ್ನು ನಮಾಝ್ ಸಂಸ್ಥಾಪಿಸುವವರ ಮತ್ತು ಖರ್ಚು ಮಾಡುವವರ ನಡುವೆಯೇ ಎಣಿಸಿದೆ.

ಗ್ರಾಮಸಭೆ ಶೂರಾ ಅಲ್ಲ, ಅದು ಎಲ್ಲ ಧರ್ಮದವರ ಸಭೆ ಎಂದು ಯಾರಾದರೂ ಹೇಳಬಹುದು. ಹೌದು, ಅದು ಎಲ್ಲರ ಸಭೆ. ನೆರೆಹೊರೆಯವರ ಹಕ್ಕಿನ ಬಗ್ಗೆ ನಾವು ಶುಕ್ರವಾರ ಕೇಳುವ ಪ್ರವಚನಗಳಲ್ಲಿ ನೆರೆಯವನ ಧರ್ಮವನ್ನು ಕೇಳಿಲ್ಲವಷ್ಟೆ. ನಮ್ಮ ಕಡೆಯ ಗಜನಿ ಭೂಮಿಯ ರೈತರಿಗೆ ಇದು ಚೆನ್ನಾಗಿ ಗೊತ್ತು. ಅಘನಾಶಿನಿಯ ದಂಡೆಯಲ್ಲಿ ಉಪ್ಪು ನೀರನ್ನು ತಡೆಯುವ ಒಡ್ಡಿನ ಹಿಂದೆ ಕಗ್ಗ ಭತ್ತ ಬೆಳೆಯುವವರು ತೂಬಿನ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಒಟ್ಟಿಗೆ ನಿರ್ಧರಿಸಲೇಬೇಕು. ಒಬ್ಬನ ಗದ್ದೆಗೆ ಬಂದ ಉಪ್ಪು ಜಾತಿ ಕೇಳಿ ನಿಲ್ಲುವುದಿಲ್ಲ.

ಸಭೆಗಳು ತುಂಬುವ ದಿನಗಳೂ ಇವೆ. 2022ರ ಜೂನ್‌ನಲ್ಲಿ ಭಟ್ಕಳ ಪುರಸಭೆಯ ಕಟ್ಟಡದ ಮೇಲೆ ಕನ್ನಡ, ಇಂಗ್ಲಿಷಿನ ಜತೆಗೆ ಉರ್ದುವಿನಲ್ಲಿಯೂ ಹೆಸರು ಬರೆಸಿದ್ದು ವಿವಾದವಾಯಿತು. ಎರಡೂ ಕಡೆಯ ಜನ ಬಂದರು, ಪೊಲೀಸರು ಬಂದರು, ಜಿಲ್ಲಾಧಿಕಾರಿಯವರೆಗೆ ವಿಷಯ ಹೋಯಿತು, ಕೊನೆಗೆ ಉರ್ದು ಅಕ್ಷರಗಳನ್ನು ತೆಗೆಯಲಾಯಿತು. ಭಾಷೆಯ ನೋವು ನಿಜವಾದ ನೋವೇ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಪಟ್ಟಣದ ಗೌಸಿಯಾ ಬೀದಿಯ ಸುತ್ತಲಿನ ಬಾವಿಗಳಿಗೆ ಒಳಚರಂಡಿಯ ನೀರು ಸೇರುತ್ತಿದೆಯೆಂಬ ದೂರು, ಶರಾಬಿ ಹೊಳೆ ಕೆಟ್ಟ ಕಥೆ ಎಷ್ಟೋ ವರ್ಷಗಳದು. ನಾಮಫಲಕಕ್ಕೆ ಒಂದೇ ವಾರದಲ್ಲಿ ರಾಜ್ಯದ ಪತ್ರಿಕೆಗಳ ಮುಖಪುಟ ಸಿಕ್ಕಿತು. ಬಾವಿಗೆ ಅಷ್ಟು ಜನ, ಅಷ್ಟು ಕ್ಯಾಮೆರಾ ಎಂದೂ ಬರಲಿಲ್ಲ. ಕಾಸರಕೋಡು ಟೊಂಕದ ಮೀನುಗಾರ ಕುಟುಂಬಗಳ ಅನುಭವ ಇನ್ನೂ ಕಹಿಯಾದದ್ದು. ಅಲ್ಲಿಯ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿ ಅವರು ವರ್ಷಗಳ ಕಾಲ ಕಡಲದಂಡೆಯಲ್ಲಿ ನಿಂತರು. ತಮ್ಮನ್ನು ಕೇಳದೆಯೇ ತೀರ್ಮಾನಿಸಲಾಯಿತು ಎಂಬುದೇ ಅವರ ಮುಖ್ಯ ಅಳಲು. ಕಾಗದದ ಹಂತದಲ್ಲಿ ಕೇಳಬೇಕಾದ ಮಾತನ್ನು ಜೆಸಿಬಿಯ ಮುಂದೆ ನಿಂತು ಹೇಳಬೇಕಾಗಿ ಬಂದರೆ ಅದರ ಬೆಲೆ ತುಂಬ ಹೆಚ್ಚು.

ಹೀಗಾಗಿ ನಾವು ಸಭೆಯ ಸಣ್ಣ ಸಣ್ಣ ವಿಧಾನಗಳಿಗೇ ಹೆಚ್ಚು ಬೆಲೆ ಕೊಡುತ್ತೇವೆ. ವಾರ್ಡ್ ಸಭೆಯ ದಿನಾಂಕವನ್ನು ಪಂಚಾಯತ್ ಸದಸ್ಯರಿಂದ ಮೊದಲೇ ತಿಳಿದುಕೊಳ್ಳುವುದು. ಅಲ್ಲಿ ಬಿಟ್ಟುಹೋದದ್ದನ್ನು ಗ್ರಾಮಸಭೆಯಲ್ಲಿ ಸೇರಿಸುವುದು ಕಷ್ಟ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಎಂದು ಆರಂಭದಲ್ಲಿಯೇ ಕೇಳುವುದು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಖರ್ಚಿನ ಲೆಕ್ಕವನ್ನು ನೋಡುವುದು. ಅಲ್ಲಿಗಂತೂ ಜನವೇ ಬರುವುದಿಲ್ಲ, ಬಂದರೆ ಚಹಾ ಮಾತ್ರವಲ್ಲ, ಕಡತವೂ ಸಿಗುತ್ತದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಸಭೆ ಮುಗಿಯುವವರೆಗೆ ಇರುವ ಮನಸ್ಸಿದ್ದರಷ್ಟೇ ಹಾಕುವುದು. ಸಹಿ ಒಂದು ಸಾಕ್ಷ್ಯ. ನಾವು ಎದ್ದುಹೋದ ಮೇಲೆ ಬರೆದದ್ದಕ್ಕೂ ಅದು ಸಾಕ್ಷಿ ನುಡಿಯುತ್ತದೆ. ನಡಾವಳಿಯ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಹತ್ತು ರೂಪಾಯಿಯ ಅರ್ಜಿ. ಇಷ್ಟಕ್ಕೆ ವಿದ್ಯಾವಂತರೇ ಬೇಕೆಂದಿಲ್ಲ. ಮೀನಿನ ಬುಟ್ಟಿಯ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಎಂದು ಆಮೇಲೆ ತಿಳಿಯಿತು. ಅದಕ್ಕಾಗಿಯೇ ಇರಬೇಕು, ಬರೆದದ್ದನ್ನು ಓದಿ ಹೇಳಿರೆಂದು ಕೇಳಿದ್ದು.

ನಮ್ಮ ಕೇರಿಯಲ್ಲಿ ಮುಂದಿನ ವಾರ್ಡ್ ಸಭೆಗಾಗಿ ಕೆಲವು ಮನೆಗಳ ಹೆಣ್ಣುಮಕ್ಕಳು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅದನ್ನು ಮನೆಮನೆಗೆ ಒಯ್ದು, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು ಬರುತ್ತಾಳೆ. ಈವರೆಗೆ ಆರು ವಿಷಯಗಳಾಗಿವೆ: ಬೇಸಿಗೆಯಲ್ಲಿ ಉಪ್ಪಾಗುವ ಎರಡು ಬಾವಿಗಳು, ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, ವಿಧವಾ ವೇತನ ನಿಂತುಹೋದ ಒಬ್ಬರ ಅರ್ಜಿ, ಹೆದ್ದಾರಿ ದಾಟುವಲ್ಲಿ ದೀಪ, ಗಟಾರಕ್ಕೆ ಕಲ್ಲುಚಪ್ಪಡಿ. ಆರನೆಯದನ್ನು ಒಬ್ಬ ಅಜ್ಜಿ ಹೇಳಿದ್ದು: ಸಭೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಹೆಂಗಸರಿಗೆ ಬಿಡಬೇಕು. ಅದನ್ನೂ ಹುಡುಗಿ ಬರೆದುಕೊಂಡಿದ್ದಾಳೆ.